ಆರು ಬಗೆಯ ಫ್ಲೇವರ್ ಟೀ ಇದೆ, ಮನೆಯಲ್ಲೇ ಸರಿಯಾಗಿ ಹೋಲಿಸಿ ನೋಡುವುದು ಹೇಗೆ?

ಮಧ್ಯಾಹ್ನದ_ಟೀ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಆದರೆ ನಿಜವಾಗಲೂ ಸಹಾಯ ಬೇಕು.

ನಮ್ಮ ಮನೆಯಲ್ಲಿ ಈಗ ಆರು ಬಗೆಯ ಫ್ಲೇವರ್ ಟೀ ಸೇರಿಕೊಂಡಿವೆ. ಕಾಶ್ಮೀರಕ್ಕೆ ಹೋಗಿದ್ದ ನಾದಿನಿ ಅಲ್ಲಿಯ ಮಸಾಲೆ ಟೀ ಕಹ್ವಾ ತಂದುಕೊಟ್ಟಳು. ಮಗಳ ಆಫೀಸಿನಲ್ಲಿ ದೀಪಾವಳಿಗೆ ಕೊಟ್ಟ ಗಿಫ್ಟ್ ಡಬ್ಬದಲ್ಲಿ ಅರ್ಲ್ ಗ್ರೇ (ಪರಿಮಳ ಬೆರೆಸಿದ ಕಪ್ಪು ಟೀ), ಮಲ್ಲಿಗೆ ಗ್ರೀನ್ ಟೀ, ನಿಂಬೆ ಗ್ರೀನ್ ಟೀ ಇದ್ದವು. ಏಲಕ್ಕಿ ಟೀ ಪುಡಿ ಮತ್ತು ಶುಂಠಿ-ತುಳಸಿ ಟೀ ನಾನೇ ಅಂಗಡಿಯಿಂದ ತಂದಿದ್ದು. ದಿನಾ ಕುಡಿಯುವ ಟೀ ಪುಡಿಗೆ ಹೋಲಿಸಿದರೆ ಇವುಗಳ ಬೆಲೆ ತುಂಬಾ ಜಾಸ್ತಿ. ಅದಕ್ಕೇ ಇವು ಖಾಲಿಯಾದ ಮೇಲೆ ಯಾವುದನ್ನು ಮತ್ತೆ ತರಬೇಕು, ಯಾವುದಕ್ಕೆ ದುಡ್ಡು ಹಾಕಬಾರದು ಅಂತ ಒಮ್ಮೆ ಕೂತು ತೀರ್ಮಾನ ಮಾಡೋಣ ಅಂದುಕೊಂಡೆ.

ಹೋದ ಭಾನುವಾರ ಪೂಜೆ ಮುಗಿಸಿ, ಈರುಳ್ಳಿ ದೋಸೆ ತಿಂದು, ಆರೂ ಟೀ ಒಟ್ಟಿಗೆ ಮಾಡಿ ಸ್ಟೀಲ್ ಲೋಟಗಳಲ್ಲಿ ಸಾಲಾಗಿ ಇಟ್ಟೆ. ಪ್ರತಿ ಲೋಟಕ್ಕೂ ಒಂದೊಂದು ಚಮಚ, ಎಲ್ಲಕ್ಕೂ ಕುದಿಯುವ ನೀರು. ಅತ್ತೆ, ಮಗಳು, ನಮ್ಮವರು, ನಾನು, ನಾಲ್ಕೂ ಜನ ಕುಡಿದೆವು. ಮೂರನೇ ಲೋಟ ಮುಗಿಯುವಷ್ಟರಲ್ಲಿ ನಾಲಿಗೆಗೆ ಏನೂ ಗೊತ್ತಾಗದ ಹಾಗಾಯಿತು. ಅರ್ಲ್ ಗ್ರೇ ಕುಡಿದ ಅತ್ತೆ "ಇದೇನು ಸೋಪಿನ ನೀರಿನ ಹಾಗಿದೆ" ಅಂದರು, ಅದೇ ಲೋಟ ಮಗಳಿಗೆ ತುಂಬಾ ಇಷ್ಟ ಆಯಿತು. ನಿಂಬೆ ಟೀ ಡಬ್ಬ ತೆರೆದರೆ ರೂಮೆಲ್ಲಾ ಘಮ್ ಅನ್ನುತ್ತದೆ, ಲೋಟದಲ್ಲಿ ಮಾತ್ರ ಏನೂ ಇಲ್ಲ. ಮಲ್ಲಿಗೆ ಟೀ ಅಂತೂ ಕಹಿ ಅಂದರೆ ಕಹಿ, ಯಾರೂ ಎರಡನೇ ಗುಟುಕು ಕುಡಿಯಲಿಲ್ಲ.

ನಾನು ಮಾಡಿದ ರೀತಿಯಲ್ಲೇ ತಪ್ಪಿದೆಯಾ, ಅಥವಾ ಈ ಟೀಗಳು ಇರುವುದೇ ಹೀಗಾ? ಇದರಲ್ಲಿ ಅನುಭವ ಇರುವವರು ದಯವಿಟ್ಟು ಹೇಳಿ. ಮುಂದಿನ ಭಾನುವಾರ ಮತ್ತೆ ಕೂರುತ್ತೇವೆ.

ಹಳೇ_ಟೇಸ್ಟರ್ (ಮೈಸೂರು)

ನಮಸ್ಕಾರ ಮೇಡಂ. ನಾನು ಕೂನೂರಿನಲ್ಲಿ ಒಬ್ಬ ಟೀ ಬ್ರೋಕರ್ ಹತ್ತಿರ ಟೇಸ್ಟಿಂಗ್ ರೂಮಿನಲ್ಲಿ 11 ವರ್ಷ ಇದ್ದೆ. ಹರಾಜಿಗೆ ಬರುವ ನೀಲಗಿರಿ ಟೀಗಳನ್ನು ದಿನಾ ರುಚಿ ನೋಡುವ ಕೆಲಸ. ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು, ಯಾಕೆಂದರೆ ದುಡ್ಡು ಕೊಟ್ಟು ತಂದ ಟೀಯನ್ನು ಹೀಗೆ ಕೂತು ನೋಡುವವರು ಕಡಿಮೆ. ಟೀಯಲ್ಲೂ ಒಂದಿಷ್ಟು ಕೊರತೆ ಇರಬಹುದು, ಆದರೆ ನೀವು ಮಾಡಿದ ಕ್ರಮದಲ್ಲಿ ಯಾವ ಟೀಗೂ ತನ್ನನ್ನು ತೋರಿಸಿಕೊಳ್ಳಲು ಅವಕಾಶವೇ ಸಿಗಲಿಲ್ಲ.

ಮೊದಲು ಮೂಗಿನ ಮಾತು. ಫ್ಲೇವರ್ ಟೀಯಲ್ಲಿ ನಾವು ದುಡ್ಡು ಕೊಡುವುದೇ ವಾಸನೆಗೆ. ನಾಲಿಗೆಗೆ ಗೊತ್ತಾಗುವುದು ಸಿಹಿ, ಹುಳಿ, ಉಪ್ಪು, ಕಹಿ, ಇಂಥವು ಮಾತ್ರ. ಮಲ್ಲಿಗೆ, ನಿಂಬೆ, ಏಲಕ್ಕಿ ಎಲ್ಲ ಗಂಟಲಿನ ಹಿಂದಿನಿಂದ ಮೂಗಿಗೆ ಹೋದಾಗಲೇ ಗೊತ್ತಾಗುವುದು. ಊದುಬತ್ತಿ ಹಚ್ಚಿದ ಮನೆಯಲ್ಲಿ, ಈರುಳ್ಳಿ ತಿಂದ ಬಾಯಿಗೆ ಅದು ಸಿಗುವುದು ಕಷ್ಟ. ಬೆಳಿಗ್ಗೆ 10-11ರ ಹೊತ್ತು ಒಳ್ಳೆಯದು. ಒಗ್ಗರಣೆ ಶುರುವಾಗುವ ಮುಂಚೆ, ಕಿಟಕಿ ತೆರೆದು, ಮುಡಿಯಲ್ಲಿ ಹೂವಿಲ್ಲದೆ ಕೂರಿ. ಹಲ್ಲುಜ್ಜಿ ಒಂದು ಗಂಟೆಯಾದರೂ ಆಗಿರಲಿ.

ಆಮೇಲೆ ಅಳತೆ. ಟೀ ರುಚಿ ನೋಡುವುದಕ್ಕೆ ಐಎಸ್‌ಒ 3103 ಅಂತ ಅಂತಾರಾಷ್ಟ್ರೀಯ ಕ್ರಮವೇ ಇದೆ, 1980ರಲ್ಲಿ ಬಂದಿದ್ದು. ಬಿಳಿ ಪಿಂಗಾಣಿ ಪಾತ್ರೆ, 100 ಮಿಲಿ ನೀರಿಗೆ 2 ಗ್ರಾಂ ಟೀ, ಮುಚ್ಚಳ ಮುಚ್ಚಿ 6 ನಿಮಿಷ. ಅದು ಚೆನ್ನಾದ ಟೀ ಕುಡಿಯುವುದಕ್ಕೆ ಮಾಡಿದ ಕ್ರಮ ಅಲ್ಲ, ಎಲ್ಲೆಡೆ ಒಂದೇ ರೀತಿ ಮಾಡಿದರೆ ಒಂದನ್ನೊಂದು ಹೋಲಿಸಬಹುದು ಅಂತ. 6 ನಿಮಿಷದಲ್ಲಿ ಟೀಯ ಹುಳುಕೆಲ್ಲ ಹೊರಗೆ ಬರುತ್ತದೆ. ಮನೆಯಲ್ಲಿ ಅಷ್ಟು ಹೊತ್ತು ಬೇಡ. ಕಪ್ಪು ಟೀಗೆ 3 ನಿಮಿಷ, ಗ್ರೀನ್ ಟೀಗೆ 2 ನಿಮಿಷ ಸಾಕು. ಆದರೆ ತೂಕ ಮಾತ್ರ ಒಂದೇ ಇರಬೇಕು, ಚಮಚದ ಲೆಕ್ಕ ಬೇಡ. ಒಂದು ಚಮಚ ಏಲಕ್ಕಿ ಟೀ ಪುಡಿ ಇದೆಯಲ್ಲ, ಅದು ಸಿಟಿಸಿ, ಅಂದರೆ ಯಂತ್ರದಲ್ಲಿ ಜಜ್ಜಿ, ಹರಿದು, ಸುರುಳಿ ಮಾಡಿದ ಗುಂಡು ಗುಂಡಾದ ಕಾಳು, ಚಮಚದಲ್ಲಿ ಒತ್ತಾಗಿ ಕೂರುತ್ತದೆ. ಉದ್ದ ಎಲೆಯ ಟೀ ಅದೇ ಚಮಚದಲ್ಲಿ ಅದರ ಅರ್ಧದಷ್ಟೂ ತೂಗದೇ ಇರಬಹುದು. ಅಂದರೆ ಒಂದು ಲೋಟ ದುಪ್ಪಟ್ಟು ಸ್ಟ್ರಾಂಗ್, ಇನ್ನೊಂದು ನೀರು. ಚಿನ್ನ ತೂಗುವಂಥ ಪುಟ್ಟ ಡಿಜಿಟಲ್ ತಕ್ಕಡಿ ಆನ್‌ಲೈನ್‌ನಲ್ಲಿ ಸಿಗುತ್ತದೆ, ಒಂದು ತಂದಿಟ್ಟುಕೊಳ್ಳಿ.

ಗ್ರೀನ್ ಟೀ ಕಹಿ ಆಗಿದ್ದು ಕುದಿಯುವ ನೀರು ಹಾಕಿದ್ದಕ್ಕೆ. ಅದಕ್ಕೆ 80 ಡಿಗ್ರಿ ಸಾಕು. ಥರ್ಮಾಮೀಟರ್ ಬೇಕಾಗಿಲ್ಲ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿ ಇರುವುದರಿಂದ ನಿಮ್ಮಲ್ಲಿ ನೀರು ಕುದಿಯುವುದೇ 97 ಡಿಗ್ರಿ ಹತ್ತಿರ. ಮೂರು ಲೋಟ ಕುದಿ ನೀರಿಗೆ ಒಂದು ಲೋಟ ಮಾಮೂಲಿ ತಣ್ಣೀರು ಬೆರೆಸಿ, 80ರ ಹತ್ತಿರ ಬಂದು ನಿಲ್ಲುತ್ತದೆ.

ಸ್ಟೀಲ್ ಲೋಟ ಬೇಡ, ಒಳಗೆ ಬಿಳಿ ಇರುವ ಕಪ್ ಬೇಕು. ಬಣ್ಣ ಕಾಣಬೇಕು, ತುಟಿ ಸುಡಬಾರದು. ಎಲೆ ಸೋಸಿ ಬಿಸಾಡಬೇಡಿ, ಒಂದು ಬಿಳಿ ತಟ್ಟೆಗೆ ಹಾಕಿ. ನಾವು ಟೇಸ್ಟಿಂಗ್ ರೂಮಿನಲ್ಲಿ ಮುಚ್ಚಳವನ್ನು ತಿರುವಿ ಅದರ ಮೇಲೆ ನೆಂದ ಎಲೆ ಇಟ್ಟು, ಬಾಗಿ ಮೂಗು ಹತ್ತಿರ ಒಯ್ದು ನೋಡುತ್ತಿದ್ದೆವು. ಬಿಸಿ ಎಲೆ ಸುಳ್ಳು ಹೇಳುವುದಿಲ್ಲ. ಫ್ಲೇವರ್ ಹಾಕಿದ ಟೀಯಲ್ಲಿ ಮೇಲಿನ ಪರಿಮಳ ಹಾರಿಹೋದ ಮೇಲೆ ಕೆಳಗಿನ ಟೀ ಎಂಥದು ಅನ್ನುವುದು ಆ ನೆಂದ ಎಲೆಯಲ್ಲೇ ಗೊತ್ತಾಗುತ್ತದೆ. ಮುಗ್ಗಲು ವಾಸನೆ ಇದ್ದರೆ ಹಳೇ ಟೀಗೆ ಪರಿಮಳ ಹಚ್ಚಿದ್ದಾರೆ ಅಂತಲೇ ನಾನು ತಿಳಿಯುತ್ತೇನೆ.

ಇನ್ನು ಕುಡಿಯುವ ಕ್ರಮ. ಚಮಚದಲ್ಲಿ ಸ್ವಲ್ಪ ತೆಗೆದುಕೊಂಡು, ಗಾಳಿಯ ಜೊತೆ ಸುರ್ ಅಂತ ಜೋರಾಗಿ ಹೀರಿ. ಮನೆಯಲ್ಲಿ ಸಂಕೋಚ ಆಗಬಹುದು, ಆದರೆ ಟೀ ತುಂತುರಾಗಿ ಬಾಯಿ ತುಂಬ ಹರಡುವುದು, ಪರಿಮಳ ಮೂಗಿಗೆ ಏರುವುದು ಹಾಗೆ ಹೀರಿದಾಗಲೇ. ನಾವು ನುಂಗುತ್ತಿರಲಿಲ್ಲ, ಉಗಿಯುತ್ತಿದ್ದೆವು. ಆರು ಟೀ ನುಂಗಿದರೆ ಹೊಟ್ಟೆ ಉರಿ, ನಿದ್ದೆ ಇಲ್ಲ. ಒಂದೊಂದರ ನಡುವೆ ಬೆಚ್ಚಗಿನ ನೀರು ಮುಕ್ಕಳಿಸಿ, ನಾಲ್ಕು ಕಾಳು ಸಪ್ಪೆ ಮಂಡಕ್ಕಿ ಬಾಯಿಗೆ ಹಾಕಿಕೊಳ್ಳಿ. ಮೊದಲು ಮೆಲ್ಲಗಿನ ಟೀ, ಕೊನೆಗೆ ಖಾರದ್ದು. ಅಂದರೆ ಮಲ್ಲಿಗೆ, ನಿಂಬೆ, ಕಹ್ವಾ, ಅರ್ಲ್ ಗ್ರೇ, ಆಮೇಲೆ ಶುಂಠಿ-ತುಳಸಿ. ಒಂದೇ ದಿನ ನಾಲ್ಕಕ್ಕಿಂತ ಜಾಸ್ತಿ ಬೇಡ.

ಇಷ್ಟೆಲ್ಲದರಲ್ಲಿ ಒಂದು ಮಾತ್ರ ನೆನಪಿಟ್ಟುಕೊಳ್ಳುತ್ತೇನೆ ಅಂದರೆ ಇದನ್ನು ಇಟ್ಟುಕೊಳ್ಳಿ: ಪಕ್ಕದಲ್ಲಿ ಏನೂ ಬೆರೆಸದ ಒಂದು ಸಾದಾ ಟೀ ಇರಲೇಬೇಕು. ಅರ್ಲ್ ಗ್ರೇ ಪಕ್ಕ ಸಾದಾ ಕಪ್ಪು ಟೀ, ಮಲ್ಲಿಗೆ ಪಕ್ಕ ಸಾದಾ ಗ್ರೀನ್ ಟೀ. ಅದೊಂದು ಸಾದಾ ಕಪ್ ಇದ್ದರೆ ಫ್ಲೇವರ್ ಏನು ಸೇರಿಸಿದೆ, ಏನನ್ನು ಮುಚ್ಚಿಟ್ಟಿದೆ ಎರಡೂ ಕಾಣುತ್ತವೆ. ಒಳ್ಳೆಯ ಟೀಗೆ ಫ್ಲೇವರ್ ಒಡವೆ ಇದ್ದ ಹಾಗೆ. ಕೆಟ್ಟ ಟೀಗೆ ಹಾಕಿದರೆ ಮುಸುಕು.

ಕಾವೇರಿ_ಕುಡಿಯುವವ (ಬೆಂಗಳೂರು)

ಟೇಸ್ಟರ್ ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ, ನೀರು.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ವಾರಕ್ಕೆ ಮೂರು ದಿನ ಕಾವೇರಿ, ಉಳಿದ ದಿನ ಬೋರ್ ನೀರು. ಅದೇ ಡಬ್ಬದ ಅದೇ ಟೀ ಒಂದು ದಿನ ಹೊಳೆಯುವ ಕೆಂಪು, ಇನ್ನೊಂದು ದಿನ ಮಂಕು ಕಂದು, ಮೇಲೆ ತೆಳ್ಳಗೆ ಎಣ್ಣೆ ತೇಲಿದ ಹಾಗೆ ಒಂದು ಪದರ. ಲೋಟ ಓರೆ ಮಾಡಿದರೆ ಆ ಪದರ ಚೂರು ಚೂರಾಗಿ ಒಡೆದು ಅಂಚಿಗೆ ಅಂಟಿಕೊಳ್ಳುತ್ತದೆ. ಅದು ಎಣ್ಣೆ ಅಲ್ಲ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಬೈಕಾರ್ಬನೇಟ್ ಟೀಯ ಒಗರಿನ ಅಂಶದ ಜೊತೆ ಸೇರಿ, ಗಾಳಿ ತಾಗಿ ಆಗುವ ಪದರ. ಎರಡು ಹನಿ ನಿಂಬೆರಸ ಬಿಟ್ಟು ನೋಡಿ, ಹೊರಟುಹೋಗುತ್ತದೆ, ಬಣ್ಣವೂ ತಿಳಿಯಾಗುತ್ತದೆ. ಆದರೆ ಅರ್ಲ್ ಗ್ರೇ ಹೋಲಿಸುವಾಗ ನಿಂಬೆ ಹಾಕಿದರೆ ಎಲ್ಲ ಕೆಟ್ಟಿತು ಅಲ್ವಾ.

ಇದು ನನ್ನ ಭ್ರಮೆಯೋ ನಿಜವೋ ಅಂತ ನೋಡಲು ಮೂರು ಕಪ್ ಪರೀಕ್ಷೆ ಮಾಡಿದೆ. ತುಂಬಾ ಸುಲಭ, ನೀವೂ ಮಾಡಿ. ಮೂರು ಕಪ್‌ನಲ್ಲಿ ಎರಡಕ್ಕೆ ಒಂದೇ ಟೀ, ಒಂದಕ್ಕೆ ಬೇರೆ. ಹಾಕಿದವರು ಒಬ್ಬರು, ಕುಡಿಯುವವರು ಇನ್ನೊಬ್ಬರು. ಕಪ್ ಕೆಳಗೆ ಪೆನ್ಸಿಲ್‌ನಲ್ಲಿ ಗುರುತು. ಬೇರೆ ಇರುವ ಕಪ್ ಯಾವುದು ಹೇಳಬೇಕು, ಅಷ್ಟೇ. ಸುಮ್ನೆ ಊಹೆಯಲ್ಲಿ ಹೇಳಿದರೆ ಮೂರರಲ್ಲಿ ಒಂದು ಸಲ ಸರಿಯಾಗಬಹುದು. ಮೂರು ಸಲ ಮಾಡಿ ಮೂರೂ ಸರಿ ಬರುವುದು ಊಹೆಯಲ್ಲಿ 27ಕ್ಕೆ ಒಂದೇ ಸಲ. ನನ್ನ ಹೆಂಡತಿ ಬೋರ್ ನೀರಿನ ಕಪ್ಪನ್ನು ಮೂರೂ ಸಲ ಹಿಡಿದಳು. ನಾನು ಎರಡು ಸಲ.

ಆರ್‌ಒ ನೀರಿನಲ್ಲಿ ಪದರ ಬರುವುದಿಲ್ಲ, ಆದರೆ ನನಗೆ ಟೀ ಸಪ್ಪೆ ಅನ್ನಿಸುತ್ತದೆ, ಏನೋ ಕಡಿಮೆ ಇದ್ದ ಹಾಗೆ. ಕಾವೇರಿ ಬಂದ ದಿನ ಎರಡು ಬಾಟಲಿ ತುಂಬಿಟ್ಟುಕೊಂಡು ಅದರಲ್ಲೇ ಮಾಡಿ. ಎಲ್ಲ ಕಪ್ಪಿಗೂ ಒಂದೇ ನೀರು, ಹೊಸದಾಗಿ ಕುದಿಸಿದ್ದು.

ಹೆರಳೆಕಾಯಿ (ಲಂಡನ್, ಊರು ಶೃಂಗೇರಿ ಹತ್ತಿರ)

ನಿಮ್ಮ ಅತ್ತೆ ಹೇಳಿದ್ದು ತಪ್ಪಲ್ಲ! ಈ ಒಂದು ಮಾತಿಗೇ ನಾನು ಲಾಗಿನ್ ಆದೆ.

ಅರ್ಲ್ ಗ್ರೇಗೆ ಹಾಕುವುದು ಬರ್ಗಮಾಟ್ ಅನ್ನುವ ಹಣ್ಣಿನ ಸಿಪ್ಪೆ ಎಣ್ಣೆ. ಇಟಲಿಯ ದಕ್ಷಿಣ ತುದಿಯ ಕಲಾಬ್ರಿಯಾ ಕರಾವಳಿಯಲ್ಲೇ ಪ್ರಪಂಚದ ಹೆಚ್ಚಿನ ಬರ್ಗಮಾಟ್ ಬೆಳೆಯುವುದು. ಆ ಎಣ್ಣೆಯಲ್ಲಿ ಲಿನಲೂಲ್, ಲಿನಲೈಲ್ ಅಸಿಟೇಟ್ ಅನ್ನುವ ಎರಡು ಪರಿಮಳದ ಅಂಶ ಇವೆ. ಲ್ಯಾವೆಂಡರ್ ಎಣ್ಣೆಯಲ್ಲೂ ಮುಖ್ಯವಾಗಿ ಇರುವುದು ಇವೇ ಎರಡು. ಸೋಪು, ಪೌಡರ್, ಸೆಂಟಿಗೆ ಇವನ್ನು ಹಾಕುತ್ತಲೇ ಇರುತ್ತಾರೆ. ನಿಮ್ಮ ಅತ್ತೆಗೆ ಆ ವಾಸನೆ ಮೊದಲು ಸಿಕ್ಕಿದ್ದು ಬಚ್ಚಲುಮನೆಯಲ್ಲಿ, ಹಾಗಾಗಿ ಬಾಯಲ್ಲಿ ಬಂದಾಗ ಮೂಗು ಸೋಪು ಅಂತಲೇ ಗುರುತಿಸಿತು. ಅವರ ಮೂಗು ಚುರುಕಾಗಿದೆ ಅಂತ ಅರ್ಥ.

ನಾನು ಇಲ್ಲಿಗೆ ಬಂದ ಹೊಸತರಲ್ಲಿ ನನಗೂ ಹಾಗೇ ಅನ್ನಿಸುತ್ತಿತ್ತು. ಒಂದು ದಿನ ಒಳ್ಳೆಯ ಎಲೆಯ ಅರ್ಲ್ ಗ್ರೇ ಕುಡಿದಾಗ ತಟ್ಟನೆ ನೆನಪಾಗಿದ್ದು ಹೆರಳೆಕಾಯಿ. ಅಮ್ಮ ಉಪ್ಪಿನಕಾಯಿಗೆ ಹೆರಳೆಕಾಯಿ ಹೆಚ್ಚುವಾಗ ಸಿಪ್ಪೆಗೆ ಚಾಕು ತಾಗಿದ ಕೂಡಲೇ ಸಣ್ಣಗೆ ಎಣ್ಣೆ ಚಿಮ್ಮಿ ಕಣ್ಣು ಉರಿಯುತ್ತದಲ್ಲ, ಆ ಗಳಿಗೆಯ ವಾಸನೆ. ನಿಂಬೆಗಿಂತ ಕಹಿ, ಕಿತ್ತಳೆಗಿಂತ ಚೂಪು, ಸ್ವಲ್ಪ ಹೂವಿನ ಹಾಗೆ. ಅತ್ತೆಗೆ ಕುಡಿಸುವ ಮುಂಚೆ ಒಂದು ಹೆರಳೆಕಾಯಿ ಸಿಪ್ಪೆ ಚಿವುಟಿ ಮೂಸಲು ಕೊಡಿ. ಆಮೇಲೆ ಟೀ ಕೊಡಿ. ಮೂಗಿಗೆ ಬೇರೆ ನೆನಪು ಸಿಕ್ಕರೆ ರುಚಿಯೇ ಬದಲಾಗುತ್ತದೆ, ನನ್ನ ವಿಷಯದಲ್ಲಿ ಹಾಗೇ ಆಯಿತು.

ಹಾಗೆಯೇ, ರುಚಿ ಬರೆದಿಟ್ಟುಕೊಳ್ಳುವಾಗ ನಮ್ಮ ಮಾತಿನಲ್ಲೇ ಬರೆಯಿರಿ. ಪ್ಯಾಕೆಟ್ ಮೇಲೆ ಬರೆದ ಇಂಗ್ಲಿಷ್ ಪದ ನಕಲು ಮಾಡಿದರೆ ಏನೂ ತಿಳಿಯುವುದಿಲ್ಲ. ಕಹಿ ಬೇರೆ, ಒಗರು ಬೇರೆ, ಇದೊಂದು ವ್ಯತ್ಯಾಸ ಹಿಡಿದರೆ ಅರ್ಧ ಟೀ ಅರ್ಥವಾದ ಹಾಗೆ. ಹಾಗಲಕಾಯಿ ಕಹಿ. ಎಳೆ ಬಾಳೆಕಾಯಿ, ಅಡಿಕೆ ಒಗರು, ನಾಲಿಗೆ ಒಣಗಿ ದೊರಗಾಗುತ್ತದೆ. ಘಾಟು, ಸಪ್ಪೆ, ಕಮಟು, ಸೀದ ವಾಸನೆ, ಹಸಿ ಹುಲ್ಲು, ಹುರಿಗಡಲೆ, ಎಷ್ಟು ಪದ ಇವೆ ನಮ್ಮಲ್ಲಿ. ಚೀನಾದ ಫುಜಿಯಾನ್ ಕಡೆಯ ಲಾಪ್‌ಸಾಂಗ್ ಸೂಚಾಂಗ್ ಅಂತ ಪೈನ್ ಕಟ್ಟಿಗೆ ಹೊಗೆಯಲ್ಲಿ ಒಣಗಿಸಿದ ಟೀ ಇದೆ. ಇಲ್ಲಿಯವರು ಅದಕ್ಕೆ ಏನೇನೋ ಹೋಲಿಕೆ ಕೊಡುತ್ತಾರೆ. ನಾನು ನನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದು "ಬಚ್ಚಲ ಒಲೆ, ಹಂಡೆ ನೀರು, ಚಳಿಗಾಲದ ಬೆಳಿಗ್ಗೆ" ಅಂತ. ಇಷ್ಟು ಓದಿದರೆ ಸಾಕು, ಆ ಟೀ ನನ್ನ ಬಾಯಿಗೆ ಬಂದ ಹಾಗಾಗುತ್ತದೆ.

ಇಲ್ಲಿ ಲಂಡನ್ ನೀರೂ ಗಡಸು, ಅದೇ ಪದರ ಬರುತ್ತದೆ. ಕಾವೇರಿ ಅವರು ಹೇಳಿದ್ದು ಪೂರ್ತಿ ಸತ್ಯ.

ಧಾರವಾಡ_ಚಹಾ

ಎಲ್ಲರೂ ಹಾಲಿಲ್ಲದ ಚಹಾದ ಬಗ್ಗೆಯೇ ಬರೆದಿದ್ದೀರಿ. ಏಲಕ್ಕಿ ಪುಡಿ ಮಾತ್ರ ಬೇರೆ ದಿನ ನೋಡಿ ಅಕ್ಕ, ಅದನ್ನು ಮಾಡಿರುವುದೇ ಹಾಲಿಗೆ. ಸಿಟಿಸಿಯನ್ನು ಬಿಸಿನೀರಲ್ಲಿ ಅದ್ದಿ ರುಚಿ ನೋಡಿದರೆ ಗಂಟಲು ಹಿಡಿಯುವಷ್ಟು ಒಗರು. ಹಾಲಿನ ಪ್ರೋಟೀನ್ ಆ ಒಗರನ್ನು ಹಿಡಿದುಕೊಳ್ಳುತ್ತದೆ, ಅದಕ್ಕೇ ಹಾಲು ಬಿದ್ದ ಕೂಡಲೇ ಚಹಾ ಮೆತ್ತಗಾಗುವುದು.

ಪ್ಯಾಕೆಟ್ ಹಿಂದೆ ಪದಾರ್ಥಗಳ ಪಟ್ಟಿ ಓದಿ. ಯಾವುದು ತೂಕದಲ್ಲಿ ಜಾಸ್ತಿ ಇದೆಯೋ ಅದು ಮೊದಲು ಬರೆದಿರುತ್ತದೆ, ಕಡಿಮೆ ಇದ್ದಿದ್ದು ಕೊನೆಗೆ. ಏಲಕ್ಕಿ ಅಂತ ಇದೆಯೋ ಅಥವಾ ಏಲಕ್ಕಿ ಫ್ಲೇವರ್ ಅಂತ ಮಾತ್ರ ಇದೆಯೋ ನೋಡಿ. ನಾನು ಹೀಗೆ ಮಾಡಿದೆ: ಒಂದು ಕಡೆ ಏಲಕ್ಕಿ ಪ್ಯಾಕೆಟ್ ಚಹಾ, ಇನ್ನೊಂದು ಕಡೆ ಮಾಮೂಲಿ ಪುಡಿಗೆ ಎರಡು ಹಸಿರು ಏಲಕ್ಕಿ ಆಗಲೇ ಜಜ್ಜಿ, ಒಲೆ ಆರಿಸುವ ಒಂದು ನಿಮಿಷ ಮುಂಚೆ ಹಾಕಿದ್ದು. ಮೊದಲಿಂದ ಕುದಿಸಿದರೆ ಏಲಕ್ಕಿ ಘಮ ಅಡುಗೆಮನೆ ತುಂಬುತ್ತದೆ, ಕಪ್ಪಿಗೆ ಉಳಿಯುವುದಿಲ್ಲ. ಮನೆಯಲ್ಲಿ ಐದು ಜನ, ಐವರೂ ಜಜ್ಜಿದ್ದನ್ನೇ ಆರಿಸಿದರು. ಆ ಪ್ಯಾಕೆಟ್ ಅಲ್ಲಿಗೆ ನಿಂತಿತು.

ಹಸಿ ಶುಂಠಿ ಹಾಕುವವರಿಗೆ ಒಂದು ಮಾತು. ಶುಂಠಿಯನ್ನು ನೀರಲ್ಲಿ ಚೆನ್ನಾಗಿ ಕುದಿಸಿ ಆಮೇಲೆ ಹಾಲು ಹಾಕಿ. ಶುಂಠಿಯಲ್ಲಿ ಹಾಲು ಒಡೆಯುವ ಒಂದು ಕಿಣ್ವ ಇದೆ, ಕುದಿಸಿದರೆ ಅದು ಸಾಯುತ್ತದೆ.

ಶಂಕರಪುರ_ಮಲ್ಲಿಗೆ (ಉಡುಪಿ)

ಮಲ್ಲಿಗೆ ಟೀ ಬಗ್ಗೆ ಯಾರೂ ಬರೆಯಲಿಲ್ಲವಲ್ಲ ಅಂತ ಬರೆಯುತ್ತಿದ್ದೇನೆ, ಇದು ನನಗೆ ತುಂಬಾ ಪ್ರೀತಿಯ ವಿಷಯ.

ನಮ್ಮ ಮನೆಯಲ್ಲಿ ಮಲ್ಲಿಗೆ ಕೃಷಿ ಇದೆ. ಬೆಳಗಿನ ಜಾವ ಎದ್ದು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂವು ಕೊಳ್ಳುವ ಕಟ್ಟೆಗೆ ಕೊಡುತ್ತೇವೆ. ಕೊಯ್ಯುವಾಗ ಅದು ಬಿಗಿ ಮೊಗ್ಗು, ವಾಸನೆ ಹೆಚ್ಚು ಇರುವುದಿಲ್ಲ. ಅರಳುವುದು ಸಂಜೆ ಮೇಲೆ, ಪರಿಮಳ ಬಿಡುವುದೂ ಆಗಲೇ. ಚೀನಾದ ಫುಝೌ ಊರಿನ ಮಲ್ಲಿಗೆ ಟೀ ನಿಂತಿರುವುದೇ ಇದರ ಮೇಲೆ. ಅಲ್ಲಿ ಬಳಸುವ ಮಲ್ಲಿಗೆಯೂ ನಮ್ಮ ಉಡುಪಿ ಮಲ್ಲಿಗೆಯೂ ಒಂದೇ ಜಾತಿ, ಜಾಸ್ಮಿನಮ್ ಸಂಬಾಕ್. ಅವರು ಹಗಲು ಕೊಯ್ದ ಮೊಗ್ಗನ್ನು ರಾತ್ರಿ ಗ್ರೀನ್ ಟೀ ಜೊತೆ ರಾಶಿ ಹಾಕುತ್ತಾರೆ, ಹೂವು ಅರಳುತ್ತಾ ಬಿಟ್ಟ ಪರಿಮಳವನ್ನು ಒಣ ಎಲೆ ಹೀರಿಕೊಳ್ಳುತ್ತದೆ. ಬೆಳಿಗ್ಗೆ ಹೂವು ಬೇರೆ ಮಾಡಿ, ಎಲೆ ಒಣಗಿಸಿ, ಮತ್ತೆ ಹೊಸ ಮೊಗ್ಗು. ಹೀಗೆ ಹಲವು ರಾತ್ರಿ. 2014ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಫುಝೌನ ಈ ಮಲ್ಲಿಗೆ-ಟೀ ಕೃಷಿ ಪದ್ಧತಿಯನ್ನು ಜಾಗತಿಕ ಕೃಷಿ ಪರಂಪರೆಯ ಪಟ್ಟಿಗೆ ಸೇರಿಸಿತು.

ಅಂದರೆ ಒಳ್ಳೆಯ ಮಲ್ಲಿಗೆ ಟೀಯಲ್ಲಿ ಹೂವೇ ಇರಬೇಕಾಗಿಲ್ಲ. ಪ್ಯಾಕೆಟ್ಟಿನಲ್ಲಿ ಬಿಳಿ ಎಸಳು ಕಂಡರೆ ಒಳ್ಳೆಯದು ಅಂದುಕೊಳ್ಳಬೇಡಿ, ಅದು ನೋಡುವುದಕ್ಕೆ. ನಾನು ನೋಡುವ ಕ್ರಮ ಎರಡನೇ ಸಲ ನೀರು ಹಾಕುವುದು. ಎಸೆನ್ಸ್ ಹಚ್ಚಿದ್ದು ನನ್ನ ಅನುಭವದಲ್ಲಿ ಮೊದಲ ಕಪ್ಪಿಗೇ ಮುಗಿಯುತ್ತದೆ. ಹೂವಿನ ಜೊತೆ ಮಲಗಿದ ಎಲೆ ಎರಡನೇ ಕಪ್ಪಿನಲ್ಲೂ ಪರಿಮಳ ಕೊಡುತ್ತದೆ.

ಮನೆಯಲ್ಲೇ ಮಾಡಬಹುದು. ನಾನು 50 ಗ್ರಾಂ ಸಾದಾ ಗ್ರೀನ್ ಟೀಗೆ ಸುಮಾರು ಅಷ್ಟೇ ತೂಕದ ಮೊಗ್ಗು ತೆಗೆದುಕೊಳ್ಳುತ್ತೇನೆ. ಕಟ್ಟಿದ ಹೂವಲ್ಲ, ಬಿಡಿ ಮೊಗ್ಗು. ಸಂಜೆ ಮೊಗ್ಗಿನ ತುದಿ ಸ್ವಲ್ಪ ಸಡಿಲವಾದಾಗ ಅಗಲ ಪಾತ್ರೆಯಲ್ಲಿ ಒಂದು ಪದರ ಟೀ, ಒಂದು ಪದರ ಮೊಗ್ಗು ಹರಡಿ, ತೆಳು ಬಟ್ಟೆ ಮುಚ್ಚಿ ಇಡುತ್ತೇನೆ. ರಾತ್ರಿ ಒಮ್ಮೆ ಕೈಯಾಡಿಸಬೇಕು, ಹೂವು ಉಸಿರಾಡುತ್ತಾ ಬಿಸಿಯಾಗುತ್ತದೆ. ಬೆಳಿಗ್ಗೆ ಬೇಗ ಜರಡಿ ಹಿಡಿದು ಹೂವೆಲ್ಲ ತೆಗೆಯಬೇಕು, ತಡವಾದರೆ ಬಾಡಿದ ಹೂವಿನ ಕೆಟ್ಟ ವಾಸನೆ ಹತ್ತುತ್ತದೆ. ಎಲೆ ಮುಟ್ಟಿದರೆ ಮೆತ್ತಗೆ ಬಗ್ಗುತ್ತದೆ, ಹೂವಿನ ನೀರಂಶ ಕುಡಿದಿರುತ್ತದೆ. ಅದನ್ನು ಸಣ್ಣ ಶಾಖದಲ್ಲಿ ಗರಿಗರಿ ಆಗುವ ತನಕ ಒಣಗಿಸಿ, ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ. ಎರಡು ಮೂರು ರಾತ್ರಿ ಮಾಡಿದರೆ ಸಾಕು.

ದಯವಿಟ್ಟು ಮಾರ್ಕೆಟ್ ಹೂವು ಬಳಸಬೇಡಿ. ಮುಡಿಯಲು ಬೆಳೆದ ಹೂವಿಗೆ ಔಷಧಿ ಹೊಡೆದಿರುತ್ತಾರೆ. ಮನೆಯ ಗಿಡದ್ದೇ ಆಗಬೇಕು.

ಮಧ್ಯಾಹ್ನದ_ಟೀ (ಬೆಂಗಳೂರು)

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ಇಷ್ಟು ಜನ ಇಷ್ಟು ಬಿಡಿಸಿ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಶನಿವಾರ ಮತ್ತು ಭಾನುವಾರ ಎರಡು ದಿನ ಕೂತೆವು, ಏನಾಯಿತು ಅಂತ ಹೇಳಬೇಕು.

ತಕ್ಕಡಿ ತಂದೆ. 2 ಗ್ರಾಂ ಅರ್ಲ್ ಗ್ರೇ ಎಲೆ ಬಟ್ಟಲಲ್ಲಿ ಗುಡ್ಡೆಯ ಹಾಗೆ ಕಂಡಿತು, 2 ಗ್ರಾಂ ಏಲಕ್ಕಿ ಪುಡಿ ತಳಕ್ಕೆ ಕೂತಿತ್ತು. ಇದನ್ನು ನೋಡಿದ ಮೇಲೆ ಚಮಚದ ಲೆಕ್ಕ ಬಿಟ್ಟೆ. ಶನಿವಾರ ಎರಡು ಗ್ರೀನ್ ಟೀ, ಪಕ್ಕದಲ್ಲಿ ಸಾದಾ ಗ್ರೀನ್ ಟೀ. ಕಾವೇರಿ ನೀರು, ಮೂರಕ್ಕೆ ಒಂದು ತಣ್ಣೀರು ಬೆರೆಸಿ, 2 ನಿಮಿಷ. ಹೋದ ವಾರ ಯಾರೂ ಮುಟ್ಟದ ಮಲ್ಲಿಗೆ ಟೀ ಇದೇನಾ ಅನ್ನಿಸಿತು! ಕಹಿ ಇಲ್ಲವೇ ಇಲ್ಲ, ನುಂಗಿದ ಮೇಲೆ ಉಸಿರು ಬಿಟ್ಟಾಗ ಮಲ್ಲಿಗೆ ಬರುತ್ತದೆ. ಎರಡನೇ ನೀರಿನಲ್ಲೂ ಇತ್ತು, ಶಂಕರಪುರ ಅವರು ಹೇಳಿದ ಹಾಗೇ.

ನಿಂಬೆ ಟೀ ಸೋತಿತು. ಮೂಗು ಹಿಡಿದುಕೊಂಡು ಕುಡಿದರೂ ಬಿಟ್ಟು ಕುಡಿದರೂ ಒಂದೇ ರುಚಿ, ಒಗರು ಮಾತ್ರ. ಎಲೆ ತಟ್ಟೆಗೆ ಹಾಕಿ ಮೂಸಿದೆ, ಹಳೇ ಹುಲ್ಲಿನ ವಾಸನೆ. ಜೊತೆಗೆ ನನ್ನದೇ ತಪ್ಪೂ ಒಂದು ಇತ್ತು, ದೀಪಾವಳಿಯಿಂದ ಆ ಡಬ್ಬವನ್ನು ಸಾರಿನ ಪುಡಿ ಡಬ್ಬದ ಪಕ್ಕವೇ ಇಟ್ಟಿದ್ದೆ, ಮುಚ್ಚಳವೂ ಬಿಗಿ ಇಲ್ಲ. ಮೂಸಿದರೆ ಹಿಂದೆ ಸಣ್ಣಗೆ ಕೊತ್ತಂಬರಿ ಬೀಜ. ಈಗ ಎಲ್ಲ ಟೀಯನ್ನೂ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಗಳಿಗೆ ಹಾಕಿ ಬೇರೆ ಕಪಾಟಿಗೆ ಸೇರಿಸಿದೆ. ಸಾದಾ ಗ್ರೀನ್ ಟೀಗೆ ಒಂದು ಚೂರು ನಿಂಬೆ ಸಿಪ್ಪೆ ಚಿವುಟಿ ಹಾಕಿದೆ, ಅದು ಎಲ್ಲರಿಗೂ ಹಿಡಿಸಿತು. ನಿಂಬೆ ಟೀ ಇನ್ನು ತರುವುದಿಲ್ಲ.

ಭಾನುವಾರ ಕಹ್ವಾ, ಅರ್ಲ್ ಗ್ರೇ, ಶುಂಠಿ-ತುಳಸಿ, ಪಕ್ಕದಲ್ಲಿ ಸಾದಾ ನೀಲಗಿರಿ ಎಲೆ. ಕಹ್ವಾದಲ್ಲಿ ಕೇಸರಿ, ದಾಲ್ಚಿನ್ನಿ, ಏಲಕ್ಕಿ ಒಂದಾದ ಮೇಲೆ ಒಂದು ಬಿಡಿಬಿಡಿಯಾಗಿ ಸಿಕ್ಕವು, ಬಾದಾಮಿ ಚೂರು ಕೊನೆಗೆ ಹಲ್ಲಿಗೆ. ಶುಂಠಿ-ತುಳಸಿ ಮೂಗು ಮುಚ್ಚಿದರೂ ಖಾರ ಗೊತ್ತಾಗುತ್ತಿತ್ತು, ತುಳಸಿ ಮಾತ್ರ ಮೂಗು ಬಿಟ್ಟಾಗಲೇ.

ಅತ್ತೆಯ ವಿಷಯಕ್ಕೆ ಬರುತ್ತೇನೆ. ಹೆರಳೆಕಾಯಿ ಸಿಗಲಿಲ್ಲ, ಪಕ್ಕದ ಮನೆಯವರು ಕೊಡಗಿನಿಂದ ತಂದ ಕಿತ್ತಳೆ ಇತ್ತು, ಅದರ ಸಿಪ್ಪೆ ಚಿವುಟಿ ಕೊಟ್ಟೆ. ಮೂಸಿದರು, ಟೀ ಹೀರಿದರು, ಸ್ವಲ್ಪ ಹೊತ್ತು ಸುಮ್ಮನಿದ್ದು "ಸೋಪು ಇನ್ನೂ ಇದೆ, ಆದರೆ ಹಿಂದೆ ಇದೂ ಇದೆ" ಅಂದರು. ಆಮೇಲೆ ಮಗಳು ಮೂರು ಕಪ್ ಪರೀಕ್ಷೆ ಮಾಡಿದಳು. ಸುಲಭ ಆಗಬಾರದು ಅಂತ ಅರ್ಲ್ ಗ್ರೇ ಜೊತೆ ಅರ್ಧ ಸಾದಾ ಟೀ ಬೆರೆಸಿ ಒಂದು ಕಪ್, ಉಳಿದ ಎರಡು ಪೂರ್ತಿ ಸಾದಾ. ಅತ್ತೆ ಮೂರಕ್ಕೆ ಮೂರೂ ಸರಿ ಹೇಳಿದರು. 71 ವರ್ಷ ಅವರಿಗೆ. ನಮ್ಮವರು ಎರಡು, ನಾನು ಎರಡು, ಇಷ್ಟಪಟ್ಟು ಕುಡಿಯುವ ಮಗಳು ಒಂದೇ. ಹಾಗೆ ಅರ್ಧ ಬೆರೆಸಿದ್ದೇ ಅತ್ತೆಗೂ ಹಿಡಿಸಿತು, ಈಗ ಮಧ್ಯಾಹ್ನ ಅದನ್ನೇ ಕೇಳುತ್ತಾರೆ. ಏಲಕ್ಕಿ ಪುಡಿಯನ್ನು ಧಾರವಾಡದವರು ಹೇಳಿದಂತೆ ಹಾಲಿನಲ್ಲಿ ನೋಡಿದೆವು, ಜಜ್ಜಿದ ಏಲಕ್ಕಿಯೇ ಮೇಲು. ಸಾದಾ ಒಳ್ಳೆಯ ಎಲೆ, ಅರ್ಲ್ ಗ್ರೇ, ವರ್ಷಕ್ಕೊಮ್ಮೆ ಕಹ್ವಾ, ಇಷ್ಟೇ ಇನ್ನು ಕೊಳ್ಳುವುದು.

ಮಲ್ಲಿಗೆ ಕೊಳ್ಳುವ ಪಟ್ಟಿಯಲ್ಲಿ ಇಲ್ಲ, ಯಾಕೆಂದರೆ ತುಮಕೂರಿನಲ್ಲಿ ಅಮ್ಮನ ಮನೆ ಟೆರೇಸಿನ ಮೇಲೆ ನಾಲ್ಕು ಕುಂಡ ದುಂಡು ಮಲ್ಲಿಗೆ ಇದೆ, ಔಷಧಿ ಹೊಡೆದಿದ್ದೇ ಇಲ್ಲ. ನಿನ್ನೆ ಅಲ್ಲಿಗೇ ಬಂದೆ. ಮೊದಲ ರಾತ್ರಿ 30 ಗ್ರಾಂ ಮೊಗ್ಗು ಸಿಕ್ಕಿತು, ಟೀಯನ್ನೂ ಅಷ್ಟೇ ತೆಗೆದುಕೊಂಡೆ. ಬೆಳಿಗ್ಗೆ ಎಲೆ ನಿಜವಾಗಲೂ ಬಗ್ಗುತ್ತಿತ್ತು, ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಣಗಿಸಿದೆ. ಈಗ ಎರಡನೇ ರಾತ್ರಿ, ಪಾತ್ರೆ ನಡುಮನೆಯಲ್ಲಿದೆ, ಬಟ್ಟೆ ಎತ್ತಿದರೆ ಮೊಗ್ಗು ಒಂದೊಂದಾಗಿ ಬಿರಿಯುತ್ತಿವೆ. ಅಮ್ಮ ಎರಡು ಸಲ ಕೈಯಾಡಿಸಿ ಬಂದರು. ಬೆಳಿಗ್ಗೆ 5ಕ್ಕೆ ಅಲಾರಂ ಇಟ್ಟಿದ್ದೇನೆ, ಜರಡಿ ಹಿಡಿಯಬೇಕು.